ಡೈಮಂಡ್ ಗೆಳೆಯ

ವರ್ಷಗಟ್ಟಲೆ ಸುದ್ದಿಯಿಲ್ಲದ ಕಾಲೇಜು ಗೆಳೆಯ "ಏನ್ ಮಾರಾಯಾ, ಮಸ್ಕತ್ತಲ್ಲೇ ಇದ್ದೀಯಂತೆ!" ಎಂದು ಫೋನಿನಲ್ಲಿ ಗದ್ಗದನಾದರೆ, ಹಿಂದೆ ಸೋಪೋ ಪ್ರೋಟೀನ್ ಪುಡಿಯೋ ಇದ್ದೇ ಇರುತ್ತದೆ. ಶುಕ್ರವಾರ ರೂವಿಯ ಹೋಟೆಲಿನಲ್ಲಿ ಮಸಾಲೆದೋಸೆ ಅವನೇ ಕೊಡಿಸಿದ. ನನಗೆ ಆಗಲೇ ಭಯವಾಯಿತು. ಬೈಟೂ ಕಾಫಿಗೂ ಪರ್ಸ್ ಮರೆತು ಬರುತ್ತಿದ್ದ ಆಸಾಮಿ ಅದು! ಟಿಶ್ಯೂ ಮೇಲೆ ಸೊನ್ನೆ ಸುತ್ತಿ "ಇದು ನೀನು" ಎಂದ. (ಅಷ್ಟರಮಟ್ಟಿಗೆ ನಿಜ.) ಕೆಳಗೆ ಇಬ್ಬರು, ಅವರ ಕೆಳಗೆ ನಾಲ್ವರು, ಸೇರಿಸುತ್ತಾ ಹೋದರೆ "ಡೈಮಂಡ್" ಪಟ್ಟ. ಹೀಗೇ ಇಳಿದರೆ 23ನೇ ಸಾಲಿಗೆ ಒಮಾನಿನ ಅರ್ಧ ಕೋಟಿ ಜನ ಮುಗಿದು, ಸಲಾಲದ ಒಂಟೆಗಳನ್ನೂ ಮೆಂಬರ್ ಮಾಡಬೇಕು. "ಈ ನೆಟ್‌ವರ್ಕ್ ಮಾರ್ಕೆಟಿಂಗನ್ನ ಇಲ್ಲಿ 2021ರಲ್ಲೇ ನಿಷೇಧಿಸಿದ್ದಾರೆ ಕಣೋ, ದಂಡ 5,000 ರಿಯಾಲ್" ಎಂದೆ. ತಕ್ಷಣ ನನ್ನ ಸೊನ್ನೆಗೇ ಸಾಂಬಾರಿನ ಕೈ ಒರೆಸಿ, "ಹೋಗ್ಲಿ, ಇನ್ಶೂರೆನ್ಸ್ ಇದೆಯಾ?" ಎಂದ.