ಬಸಳೆಗೆ ಲೆಕ್ಕವಿಲ್ಲ, ಕುಂಬಳಕ್ಕುಂಟು

ಮೂಲೆ ಸೈಟಿನ ನಮ್ಮ ತೋಟದಲ್ಲಿ ಬಸಳೆ ನೋಡಿದ್ರಾ? ಚಪ್ಪರ ಸಾಲದೆ ಪಕ್ಕದ ಲೈಟುಕಂಬಕ್ಕೇ ಹಬ್ಬೋಕೆ ಹೊರಟಿದೆ. ಯಾರು ಕೊಯ್ದರೂ ಏಕೆ ಅನ್ನೋರಿಲ್ಲ. ಎಲೆ ಹುಳಿಗೆ ಹಾಕಿ, ದಂಟಿನ ತುಂಡು ಮಣ್ಣಿಗೆ ಚುಚ್ಚಿಬಿಟ್ಟರೆ ಮತ್ತೆ ಚಿಗುರುತ್ತೆ. ಸಿಹಿಗುಂಬಳದ ಮೇಲೆ ಮಾತ್ರ ಇಡೀ ಬೀದಿಯ ಕಣ್ಣು, ಅಲ್ವಾ? ಹೋದ ಸಲ ಬಿಟ್ಟಿದ್ದು ಒಂದೇ ಒಂದು. ಯಾರ ಪಾಲಿಗೆ ಎಷ್ಟು ಹೋಳು ಅನ್ನೋ ಚರ್ಚೆ ಮುಗಿಯದೆ, ಕೊನೆಗೆ ಒಬ್ಬರ ಮನೇಲಿ ದೊಡ್ಡ ಪಾತ್ರೆಯಲ್ಲಿ ಹುಳಿ ಮಾಡಿ ಎಲ್ಲರೂ ಡಬ್ಬಿ ಹಿಡ್ಕೊಂಡು ಹೋದೆವು.

ಈ ಕುಂಬಳದ ಸಮಾಚಾರವೇ ಸ್ವಾರಸ್ಯ. ಮೊದಮೊದಲು ಬರೀ ಗಂಡು ಹೂವು. ಆಮೇಲೆ ಬರೋ ಹೆಣ್ಣು ಹೂವಿನ ಬುಡದಲ್ಲಿ ಪುಟಾಣಿ ಪೀಚು ಇರುತ್ತೆ. ಜೇನು ಬಾರದೆ ಹೋದರೆ ಅದು ಹಳದಿಯಾಗಿ ಉದುರಿಹೋಯ್ತು ಅಂತಲೇ ಲೆಕ್ಕ. ಅದಕ್ಕೇ ಬೆಳಗ್ಗೆ ಹೂವು ಮುದುಡೋ ಮುಂಚೆ ಗಂಡು ಹೂವಿನ ಎಸಳು ಬಿಡಿಸಿ, ನಡುವಿನ ಪರಾಗವನ್ನ ಹೆಣ್ಣು ಹೂವಿಗೆ ಮೆತ್ತಗೆ ಸವರಬೇಕು. ಇದನ್ನ ಹೇಳಿಕೊಟ್ಟಿದ್ದು ಎರಡನೇ ಕ್ರಾಸಿನ ಅಜ್ಜಿ. ಮಗನ ಮನೆಗೆ ಬಂದಾಗಿನಿಂದ ಮಾತಿಗೆ ಜನ ಸಿಗದೆ ಸೊರಗಿದ್ದ ಜೀವ ಅದು. ಈಗ ಸ್ಕೂಲ್ ವ್ಯಾನು ಬರೋವರೆಗೂ ಮಕ್ಕಳೆಲ್ಲ ಅವರ ಸುತ್ತಲೇ.

ನಮ್ಮೂರ ಹಿತ್ತಿಲು ನೆನಪಾಗುತ್ತೆ ನೋಡಿ. ಬಚ್ಚಲ ನೀರು ಹರಿಯೋ ಕಡೆ ಬಾಳೆ, ಕೆಸು. ಒಗ್ಗರಣೆ ಸೌಟು ಒಲೆ ಮೇಲಿಟ್ಟ ಮೇಲೇ ಕರಿಬೇವಿಗೆ ಓಡೋದು. 30-40ರ ಸೈಟಿನಲ್ಲಿ ಮನೆ ಕಟ್ಟಿ, ಕಾರಿಗೂ ಜಾಗ ಬಿಟ್ಟ ಮೇಲೆ ಹಿತ್ತಿಲು ಎಲ್ಲಿಂದ ಬರಬೇಕು? ಮನೆಗೊಂದಿಲ್ಲದಿದ್ದರೆ ಬೇಡ, ಬೀದಿಗೊಂದಾದರೂ ಬೇಕು.

ಖಾಲಿ ಸೈಟು ಅಂದರೆ ಕಸ ಸುರಿಯೋ ಜಾಗ ಅನ್ನೋದು ಎಲ್ಲ ಊರಿನ ಹಣೆಬರಹ. 1973ರಲ್ಲಿ ನ್ಯೂಯಾರ್ಕಿನ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಅಂಥದ್ದೇ ಒಂದು ಜಾಗದ ಕಸ ಎತ್ತಿ ತೋಟ ಮಾಡಿದರು. ಮಾರನೇ ವರ್ಷ ನಗರಾಡಳಿತ ಅದನ್ನ ತಿಂಗಳಿಗೆ 1 ಡಾಲರ್ ಬಾಡಿಗೆಗೆ ಅವರಿಗೇ ಬಿಟ್ಟುಕೊಟ್ಟಿತು. ಇವತ್ತಿಗೂ ಅಲ್ಲಿ ತೋಟವೇ ಇದೆ! ನಮ್ಮ ಬೆಂಗಳೂರಿನವರೇನೂ ಕಮ್ಮಿಯಿಲ್ಲ ಬಿಡಿ. ‘ಊಟ ಫ್ರಮ್ ಯುವರ್ ತೋಟ’ ಸಂತೆಗೆ ಹೋಗಿ ನೋಡಿ, ಬೀಜದ ಪೊಟ್ಟಣ ಕಂಡರೆ ಜನ ಹೇಗೆ ಮುಗಿಬೀಳ್ತಾರೆ ಅಂತ.

ನಮ್ಮಲ್ಲಿ ಅದಕ್ಕಿಂತ ದೊಡ್ಡ ಸಂಭ್ರಮ ತರಗೆಲೆಯದು. ಚಳಿ ಇಳಿದು ಮರಗಳು ಎಲೆ ಉದುರಿಸಿದರೆ ಮೊದಲೆಲ್ಲ ರಸ್ತೆ ಬದೀಲೇ ಬೆಂಕಿ. ಹೊಗೆಗೆ ಉಬ್ಬಸದವರ ಪಾಡು ಕೇಳಬೇಡಿ. ಈಗ ಎಲೆಯನ್ನೆಲ್ಲ ತಂತಿ ಬಲೆಯ ಗೂಡಿಗೆ ತುಂಬಿ, ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ, ತೇವ ಆರದ ಹಾಗೆ ನೋಡ್ಕೋತೀವಿ. ಎದೆಮಟ್ಟ ತುಂಬಿದ್ದು ಕೆಲವೇ ತಿಂಗಳಲ್ಲಿ ಮೊಣಕಾಲಿಗೆ ಇಳಿದಿರುತ್ತೆ, ಅಡಿಯಲ್ಲಿ ಘಮ್ಮನೆ ಕರಿ ಗೊಬ್ಬರ.

ಅಂದಹಾಗೆ, ನಿಮ್ಮ ಗೇಟಿನ ಮುಂದಿನ ಎಲೆ ಗುಡಿಸಿ ಚೀಲಕ್ಕೆ ತುಂಬಿಡ್ತೀರಾ? ಭಾನುವಾರ ಬಂದು ಒಯ್ತೀವಿ. ಬರುವಾಗ ನಿಮಗೆ ದೊಡ್ಡಪತ್ರೆ ಕಡ್ಡಿ ತರ್ತೀನಿ, ಕುಂಡದಲ್ಲಾದರೂ ನೆಡಿ. ಮೊಮ್ಮಗನಿಗೆ ಕೆಮ್ಮು ಅಂದಿದ್ರಲ್ವಾ?