ಅರವತ್ತು ದಾಟಿದ ಪದಗಳು

1720 ಮೆಗಾವಾಟ್ ವಿದ್ಯುತ್ ತಯಾರಾಗುವ ಶಕ್ತಿನಗರದಲ್ಲಿ ಕೂತು ನಾನು ತಯಾರಿಸಿದ್ದು ಒಂದು ಸಿಡಿ. ಇಷ್ಟದ ಜನಪದವೆಲ್ಲ ಒಂದೇ ತಟ್ಟೆಯಲ್ಲಿ, ಅದೂ ಕಾನೂನುಬದ್ಧವಾಗಿ!

ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಯಾರ ಹಂಗೂ ಇಲ್ಲ. ಅದನ್ನು ಧ್ವನಿಮುದ್ರಿಸಿದವರಿಗೆ ಮಾತ್ರ ಹಕ್ಕುಂಟು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣ ಪ್ರಕಟವಾಗಿ 60 ವರ್ಷ ಕಳೆದರೆ ಅದು ಎಲ್ಲರದು. ಹೀಗಾಗಿ ಹಾಡಿನ ಇಂಪು ಬಿಟ್ಟು ವಯಸ್ಸು ವಿಚಾರಿಸುವುದೇ ನನ್ನ ಕೆಲಸವಾಯಿತು. ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಗ್ರಾಮಫೋನ್ ಪದಗಳಲ್ಲಿ ಹಾಡಿಗಿಂತ ಕರಕರವೇ ಜೋರು. "ಏನ್ರೀ, ಯಾರರ ಹಪ್ಪಳ ಕರಿಯಾಕತ್ತಾರೇನು?" ಅಂದಳು ಹೆಂಡತಿ.

ಮೊಹರಂ ರಿವಾಯತ್ ಪದಕ್ಕೆ ಅಲಾಯಿ ಕುಣಿಯ ಹತ್ತಿರವೇ ಹೋಗಿ, ಮೊಬೈಲ್ ಹಿಡಿದು, ವಿನಯದಿಂದ ಅನುಮತಿ ಬೇಡಿದೆ. "ಪದಕ್ಕೇನ್ ಪರ್ಮಿಷನ್ನೋ ತಮ್ಮಾ, ನೀನೂ ಕುಣಿ ಬಾ" ಎಂದು ಹಿರಿಯರು ಎಳೆದೇಬಿಟ್ಟರು. ಆ ಮುದ್ರಣದಲ್ಲಿ ಪದಕ್ಕಿಂತ ನನ್ನ ಏದುಸಿರೇ ಸ್ಪಷ್ಟ. ಅದರ ಹಕ್ಕು ಪೂರ್ತಿ ನನ್ನದೇ!

80 ನಿಮಿಷ ತುಂಬಿಸಿ, ಅಂಗಡಿಯಲ್ಲಿ ಬರೆಸಿ ತಂದೆ. ನಮ್ಮ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಕಾಲೊನಿಯಲ್ಲೂ ಪ್ಲೇಯರ್ ಉಳಿಸಿಕೊಂಡವರಿಲ್ಲ. ಓದುಗರೇ, ನಿಮ್ಮಲ್ಲಿದ್ದರೆ ತಿಳಿಸಿ. ಸಿಡಿ ನಾನು ತರುತ್ತೇನೆ. ಚಹಾ, ಮಿರ್ಚಿ ನಿಮ್ಮದು.