‘ಎಂಜಿನ್ನಿಗೆ ಆರತಿ, ನಂಗೆ ಉರಿ’: ಸ್ಟೇರಿಂಗ್ ಎಣ್ಣೆಯ ಸಂದರ್ಶನ

ಕೋಟದ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಹಳೇ ಹೋಂಡಾ ಸಿಟಿಯೊಂದು ಬಾನೆಟ್ ತೆರೆದು ನಿಂತಿದೆ. ಹುಟ್ಟುವಾಗ ಇದರ ಎಂಜಿನ್ 1.3 ಲೀಟರ್, ಈಗ ಹೊಟ್ಟೆಯಲ್ಲಿರುವುದು 1.5 ಲೀಟರಿನ ವಿಟೆಕ್. ಮಾಲೀಕರು ಇದನ್ನು ಲಾರಿಗೆ ಹತ್ತಿಸಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದು, ನಾಲ್ಕು ಸುತ್ತು ಓಡಿಸಿ, ಹೊಗೆ ಎಬ್ಬಿಸಿಕೊಂಡು ಬಂದಿದ್ದಾರೆ. ಅವರು ಚಾ ಕುಡಿಯಲು ಹೋದ ಹೊತ್ತಿಗೆ ಪವರ್ ಸ್ಟೇರಿಂಗ್ ಎಣ್ಣೆ ಮಾತಿಗೆ ಸಿಕ್ಕಿತು.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಎಣ್ಣೆ: ಹ್ವಾಯ್, ದೂರ ನಿಲ್ಲಿ ಮಾರ್ರೆ! ಹೊರಗೆ ಚೆಲ್ಲಿದ್ದ್ ಅರ್ಧ, ಒಳಗೆ ನೊರೆ ಅರ್ಧ. ಹೀಂಗಿದ್ದೆ ಕಾಣಿ.

ಪ್ರಶ್ನೆ: ಪಂಪ್ ಕೆಟ್ಟಿದೆ ಎನ್ನುತ್ತಿದ್ದರಲ್ಲ ಮಾಲೀಕರು?

ಎಣ್ಣೆ: ಪಂಪ್ ಪಾಪ, ಎಂತ ಮಾಡ್ತ್? ಬೆಲ್ಟ್ ಎಳ್ದ ಹಾಂಗೆ ತಿರುಗ್ತ್. ಎಂಜಿನ್ ನಿಧಾನ ಇಪ್ಪತಿಗೂ ಸ್ಟೇರಿಂಗ್ ಹಗುರ ಇರ್ಕ್, ಪೇಟಿಯಂಗೆ ಕಾರ್ ನಿಲ್ಸುಕೆ ಆಯ್ಕ್ ಅಂದೇಳಿ ಅದ್ನ ಮಾಡಿದ್ದ್. ಟ್ರ್ಯಾಕಂಗೆ ಎಂಜಿನ್ ಇಪ್ಪುದು ಆರೇಳ್ ಸಾವ್ರ ಸುತ್ತಿನ ಮೇಲೆ. ಸ್ಟೇರಿಂಗಿಗೆ ಅಷ್ಟ್ ಎಣ್ಣಿ ಬ್ಯಾಡ. ಹೆಚ್ಚಾದ್ದನ್ನ ಪಂಪಿನ ಒಳ್ಗಿನ ವಾಲ್ವ್ ಮತ್ತೆ ಪಂಪಿನ ಬಾಯಿಗೇ ಹಾಕ್ತ್. ಹೋಪುದ್, ಬಪ್ಪುದ್, ಮತ್ತೆ ಹೋಪುದ್. ಆ ತಿರುಗಾಟಕ್ಕೆ ಹಾಕಿದ ಶಕ್ತಿ ಎಲ್ಲ ಬಿಸಿ ಆತ್.

ಪ್ರಶ್ನೆ: ಸರ್ಕಾರಿ ಕಡತ ಟೇಬಲ್ಲಿಂದ ಟೇಬಲ್ಲಿಗೆ ಅಲೆದ ಹಾಗಾಯಿತು!

ಎಣ್ಣೆ: ಅಲ್ಲಿ ಕಡತ ಬಿಸಿ ಆತಿಲ್ಲೆ ಮಾರ್ರೆ. ಅದ್ರ ಹಿಂದೆ ಹೋದವ್ರಿಗೆ ಮಾತ್ರ ಬಿಸಿ.

ಪ್ರಶ್ನೆ: ಹಳೇ ಎಂಜಿನ್ ಇದ್ದಾಗ ನೀವು ಉಕ್ಕಿದ್ದೇ ಇಲ್ಲವಂತೆ?

ಎಣ್ಣೆ: ಆಗ ಕಾರಿನ ಮುಂದೆ, ಗಾಳಿ ಬಡಿವಲ್ಲಿ, ನಂಗಂದೇಳಿ ಮಡ್ಚಿ ಬಿಟ್ಟ ಒಂದ್ ಉದ್ದದ ಪೈಪ್ ಇದ್ದಿತ್. ಅದೇ ನಂಗೆ ತಂಪ್. ಎಂಜಿನ್ ಬದಲ್ಸುವತಿಗೆ ದೊಡ್ಡ ರೇಡಿಯೇಟರ್ ಬಂತ್. ಪೈಪ್ ಅಡ್ಡ ಆತ್ ಅಂದೇಳಿ ಕತ್ತರ್ಸಿ ಬಿಸಾಕಿರ್. ಹೊಸ ಎಕ್ಸಾಸ್ಟ್ ಬೇರೆ ನನ್ನ ಹೋಸಿಗೆ ತಾಗಿಯೇ ಕೂತಿತ್.

ಪ್ರಶ್ನೆ: ಬಿಸಿಯಾದರೆ ಏನಾಗುತ್ತದೆ?

ಎಣ್ಣೆ: ನಾನ್ ತೆಳು ಆತೆ. ಗಾಳಿ ಸೇರಿ ನೊರೆ ಆತೆ. ನೊರೆಯನ್ನ ಒತ್ತಿರೆ ಕುಗ್ಗುದೇ ಹೊರತು ಚಕ್ರ ತಿರುಗ್ತಿಲ್ಲೆ, ಸ್ಟೇರಿಂಗ್ ಕಲ್ಲಾತ್. ಪಂಪ್ ಕೂಗುಕೆ ಶುರು ಮಾಡ್ತ್. ಸೀಲ್ ಗಟ್ಟಿ ಆಯಿ ಬಿರಿತ್. ಕಡಿಗೆ ಮುಚ್ಚಳದ ಸಂದಿಯಂಗೆ ಹೊರಗ್ ಬಂದ್ ಕಾದ ಎಕ್ಸಾಸ್ಟ್ ಮೇಲೆ ಬೀಳ್ತೆ. ಕೊಯಮತ್ತೂರಗೆ ಕಂಡ ಹೊಗೆ ಅದೇ. ಇನ್ನೊಂಚೂರ್ ಹೊತ್ತ್ ಆರೆ ಬೆಂಕಿ. ಅವ್ರ್ ವಿಡಿಯೊ ಮಾಡ್ತಾ ಇದ್ದಿರ್.

ಪ್ರಶ್ನೆ: ಆಮೇಲೆ ಹೊಸ ಎಣ್ಣೆ ತುಂಬಿದರಲ್ಲ?

ಎಣ್ಣೆ: ತುಂಬಿರ್! ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹೊಯ್ವ ಎಟಿಎಫ್. ಈ ಕಾರಿಗೆ ಹೋಂಡಾದ್ದೇ ಸ್ಟೇರಿಂಗ್ ಎಣ್ಣಿ ಬೇಕ್ ಅಂದೇಳಿ ಕೈಪಿಡಿಯಂಗೆ ಬರ್ದಿತ್ತ್. ಓದುಕೆ ಯಾರಿಗ್ ಪುರ್ಸೊತ್ತ್? ಪುಣ್ಯಕ್ಕೆ ಬ್ರೇಕ್ ಆಯಿಲ್ ಹೊಯ್ಲಿಲ್ಲೆ, ಹೊಯ್ದಿದ್ರೆ ಸೀಲೆಲ್ಲ ಉಬ್ಬಿ ಹೋತಿತ್. ಈಗ ಡಬ್ಬಿಯಂಗೆ ಅರ್ಧ ನಾನ್, ಅರ್ಧ ಅದ್. ನಿಮ್ಮತ್ರ ಮಾತಾಡ್ತಿಪ್ಪುದು ಯಾರ್ ಅಂದೇಳಿ ನಂಗೇ ಗೊತ್ತಿಲ್ಲೆ.

ಪ್ರಶ್ನೆ: ಆರ್‌ಟಿಒ ಏನೂ ಕೇಳಲಿಲ್ಲವೆ? ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಮಾರ್ಪಾಡು ತಡೆಯುವ 52ನೇ ಸೆಕ್ಷನ್ ಇದೆಯಲ್ಲ.

ಎಣ್ಣೆ: ಲಾರಿ ಮೇಲೆ ಹೋಪುದು ಮತ್ತೆಂತಕೆ? ಆರ್‌ಸಿಯಂಗೆ 1.3, ಹೊಟ್ಟಿಯಂಗೆ 1.5. ಟೋಲ್ ದಾಟುವತಿಗೆ ಎಂಜಿನ್ ಬಾಯ್ ಮುಚ್ಕಂಡ್ ಇರ್ತ್.

ಪ್ರಶ್ನೆ: ‘ವಿಜ್ಞಾನ ಪ್ರಪಂಚ’ ಬರೆದ ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರಿದು. ಇಲ್ಲೂ ನಿಮ್ಮ ಶಾಖ ಎಲ್ಲಿಗೆ ಹೋಗಬೇಕು ಎಂದು ಒಬ್ಬರೂ ಕೇಳಲಿಲ್ಲವೆ?

ಎಣ್ಣೆ: ಬಂದವ್ರೆಲ್ಲ ಕೇಂಡದ್ ‘ಎಷ್ಟ್ ಬಿಎಚ್‌ಪಿ?’ ಅಂದೇಳಿ. ಎಂಜಿನ್ನಿಗೆ ಆರತಿ, ನಿಂಬೆಹಣ್ಣ್, ಹೂವಿನ ಮಾಲಿ. ಬಾಗಿಲ್ ತುಂಬ ಸ್ಟಿಕ್ಕರ್. ನಂಗೊಂದ್ ಕೂಲರ್ ಅಂದ್ರೆ ‘ಬಜೆಟ್ ಇಲ್ಲೆ’. ಶಕ್ತಿ ಹೆಚ್ಚ್ ಮಾಡುಕೆ ದುಡ್ಡ್ ಇತ್ತ್, ಅದ್ರ ಬಿಸಿ ಹೊರುಕೆ ಇಲ್ಲೆ. ಬಿಸಿ ಹೊರುವವ್ರ್ ಯಾವಾಗ್ಳೂ ಬೇರೆಯವ್ರೇ.

ಪ್ರಶ್ನೆ: ಹಾಗಾದರೆ ನಿಮ್ಮ ಬೇಡಿಕೆಗಳೇನು?

ಎಣ್ಣೆ: ಸ್ಟೇರಿಂಗಿಂದ ಡಬ್ಬಿಗೆ ವಾಪಸ್ ಬಪ್ಪು ಪೈಪಿಗೆ ಒಂದ್ ಸಣ್ಣ ಕೂಲರ್. ಪಂಪಿಂದ ಹೊರಡು ಪೈಪಿಗೆ ಅಲ್ಲ; ಸ್ಟೇರಿಂಗ್ ಪೂರ್ತಿ ತಿರುಗ್ಸಿದ್ರೆ ಅಲ್ಲಿ ಒತ್ತಡ 80 ಬಾರ್ ದಾಟುದೂ ಇತ್ತ್, ಕೂಲರ್ ಒಡ್ದ್ ಹೋತ್. ಹೋಸ್ ಬಿಸಿ ಎಣ್ಣಿ ತಡ್ಕಂಬುದ್ ಆಯ್ಕ್, ಪೆಟ್ರೋಲ್ ಪೈಪ್ ತುಂಡ್ ಬ್ಯಾಡ. ಪಂಪಿನ ಪುಲ್ಲಿ ಒಂಚೂರ್ ದೊಡ್ಡದ್ ಹಾಕಿರೆ ಪಂಪ್ ನಿಧಾನ ತಿರುಗ್ತ್, ಬಿಸಿ ಹುಟ್ಟುದೇ ಕಮ್ಮಿ. ಕಾರ್ ನಿಲ್ಸುವತಿಗೆ ತೋಳಿಗೆ ಒಂಚೂರ್ ಭಾರ ಆತ್, ಆಗ್ಲಿ. ಎಕ್ಸಾಸ್ಟಿಗೂ ನಂಗೂ ನಡುಗೆ ಒಂದ್ ತಗಡ್. ಮತ್ತೆ, ಸ್ಟೇರಿಂಗ್ ಕಡಿ ತನಕ ತಿರುಗ್ಸಿ ಹಿಡ್ಕಂಡ್ ಕೂಕಾಗ.

ಪ್ರಶ್ನೆ: ಈಗೆಲ್ಲ ಕರೆಂಟಿನ ಸ್ಟೇರಿಂಗ್. ನಿಮ್ಮ ಕುಲವೇ ಮುಗಿಯಿತಲ್ಲ?

ಎಣ್ಣೆ: ಅದ್ರ ಮೋಟಾರೂ ಟ್ರ್ಯಾಕಂಗೆ ಬಿಸಿ ಆತ್. ಆದ್ರೆ ನನ್ನ ಹಾಂಗೆ ಉಕ್ಕುದಿಲ್ಲೆ. ಸೆಖೆ ಆತ್ ಅಂದ್ಕೂಡ್ಲೆ ಸಹಾಯ ಕಮ್ಮಿ ಮಾಡ್ತ್. ಓದಿ ಬಂದದ್ದಲ್ದಾ, ಯೂನಿಯನ್ ನಿಯಮ ಗೊತ್ತಿತ್ತ್.

ಪ್ರಶ್ನೆ: ಮಾಲೀಕರು ಬರುತ್ತಿದ್ದಾರೆ. ಕೊನೆಯದಾಗಿ ಅವರಿಗೇನಾದರೂ ಹೇಳಬೇಕೆ?

ಎಣ್ಣೆ: ಕೂಲರನ್ನ ರೇಡಿಯೇಟರಿನ ಮುಂದೆ, ಗಾಳಿ ನೆಟ್ಟಗೆ ಬಡಿವಲ್ಲಿ ಹಾಕಿ ಅನ್ನಿ. ಮತ್ತೆ ಅದ್ರ ಮೇಲೂ ಸ್ಟಿಕ್ಕರ್ ಅಂಟ್ಸುಕಾಗ ಅನ್ನಿ.